ಸೊಳ್ಳೆಯ ಹೊಗೆಯೂ ಜೇಜುರಿಯ ಹಕ್ಕಿಗಳೂ

ಉದರ ನಿರ್ವಾಹಕ್ಕೆಂದು ಪುಣೆಗೆ ಬಂದು ನೆಲೆಸಿದ ಕನ್ನಡಿಗರಿಗೆ ಜೇಜುರಿಯು ಪರಸ್ಥಳವಲ್ಲ. ಹಡಗಲಿ ಸೀಮೆಯ ಮೈಲಾರದಲ್ಲಿ, ರಾಣೆಬೆನ್ನೂರಿನ ಸಮೀಪದ ದೇವರಗುಡ್ಡದಲ್ಲಿ, ಬೆಳಗಾವಿ ಜಿಲ್ಲೆಯ ಮಂಗಸೂಳಿಯಲ್ಲಿ ನಮ್ಮ ಹಿರಿಯರು ಯಾವ ಮೈಲಾರಲಿಂಗನಿಗೆ ಭಂಡಾರ ತೂರಿದರೋ ಆತನೇ ಇಲ್ಲಿ ಖಂಡೋಬನೆನಿಸಿ ಗುಡ್ಡದ ಮೇಲೆ ನೆಲೆಸಿದ್ದಾನೆ. ವಾರದ ರಜೆ ದೊರೆತ ಹೋಟೆಲು ಬಂಧುಗಳೂ, ಭಾನುವಾರದ ಬಿಡುವಿನ ಕಾರಕೂನರೂ ದಿವೇಘಾಟನ್ನು ಏರಿ, ಸಾಸವಡವನ್ನು ದಾಟಿ, ಸುಮಾರು 50 ಕಿಲೋಮೀಟರು ಪಯಣಿಸಿ ಅಲ್ಲಿಗೆ ಹೋಗಿ ಬರುವುದುಂಟು. ದೀಪಮಾಲೆಗಳ ನಡುವೆ ಮೆಟ್ಟಿಲೇರುವಾಗ ಅರಿಸಿನದ ಪುಡಿಯು ಮೋಡದಂತೆ ಎದ್ದು, ಕಲ್ಲು, ಮರ, ಮನುಷ್ಯರೆಲ್ಲರೂ ಒಂದೇ ಬಣ್ಣವಾಗುತ್ತಾರೆ. ‘ಬಂಗಾರದ ಜೇಜುರಿ’ ಎಂದು ಮರಾಠಿ ಜನರು ಕರೆಯುವುದು ಸುಮ್ಮನೆ ಅಲ್ಲ.

ಮಳೆಗಾಲ ಬಂದಿತೆಂದರೆ ಈ ಸೀಮೆಯ ಊರುಗಳಲ್ಲಿ ಮತ್ತೊಂದು ಮೋಡವೂ ಏಳುತ್ತದೆ. ಅದು ಹಳದಿಯದಲ್ಲ, ಬಿಳಿಯದು. ಹೆಗಲಿಗೆ ಯಂತ್ರವನ್ನು ತಗುಲಿಸಿಕೊಂಡ ಆಳು ಬೀದಿಯುದ್ದಕ್ಕೂ ಹೊಗೆಯನ್ನು ಬಿಡುತ್ತಾ ಸಾಗುತ್ತಾನೆ. ಮಕ್ಕಳು ಕೇಕೆ ಹಾಕಿ ಬೆನ್ನಟ್ಟುತ್ತಾರೆ. ಹಿರಿಯರು ಮೂಗಿಗೆ ಬಟ್ಟೆ ಹಿಡಿದು, “ಇನ್ನು ಸೊಳ್ಳೆಯ ಕಾಟ ತಪ್ಪಿತು” ಎಂದು ಸಮಾಧಾನ ಪಡುತ್ತಾರೆ. ಈ ಸಮಾಧಾನವು ಎಷ್ಟರ ಮಟ್ಟಿಗೆ ನಿಜ? ಹೊಗೆಯಿಂದ ಸಾಯುವವರು ಯಾರು, ಉಳಿಯುವವರು ಯಾರು? ಇದನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶ.

ಬೇಲಸರದ ಜ್ವರ

ಮೊದಲು ಒಂದು ಮಾತನ್ನು ಸ್ಪಷ್ಟಪಡಿಸಬೇಕು. ಸೊಳ್ಳೆಯ ಭಯವು ಹುಸಿಯಲ್ಲ. ಜೇಜುರಿಯಿರುವ ಪುರಂದರ ತಾಲ್ಲೂಕಿನಲ್ಲಿಯೇ, ಸಾಸವಡ ಮತ್ತು ಜೇಜುರಿಗಳ ನಡುವಣ ಬೇಲಸರ ಎಂಬ ಹಳ್ಳಿಯಲ್ಲಿ 2021ರ ಜುಲೈ ತಿಂಗಳಿನಲ್ಲಿ ಮನೆಮನೆಗೂ ಜ್ವರ ಹಬ್ಬಿತು. ಪುಣೆಯ ರಾಷ್ಟ್ರೀಯ ವಿಷಾಣು ವಿಜ್ಞಾನ ಸಂಸ್ಥೆಯವರು ರಕ್ತವನ್ನು ಪರೀಕ್ಷಿಸಿದಾಗ ಬಹಳ ಮಂದಿಗೆ ಚಿಕುನ್‌ಗುನ್ಯಾ, ಕೆಲವರಿಗೆ ಡೆಂಗಿ ಇರುವುದು ತಿಳಿಯಿತು. ಆ ತಿಂಗಳ ಕೊನೆಯಲ್ಲಿ ಒಬ್ಬ ಮಹಿಳೆಯ ರಕ್ತದಲ್ಲಿ ಜೀಕಾ ವಿಷಾಣು ಕಂಡುಬಂದಿತು. ಮಹಾರಾಷ್ಟ್ರ ರಾಜ್ಯದಲ್ಲಿ ದಾಖಲಾದ ಮೊದಲನೆಯ ಜೀಕಾ ಪ್ರಕರಣವದು. ಆಕೆ ಗುಣ ಹೊಂದಿದರು. ಆದರೆ ಗರ್ಭಿಣಿಗೆ ಜೀಕಾ ತಗುಲಿದರೆ ಹುಟ್ಟುವ ಶಿಶುವಿನ ತಲೆ ಬೆಳೆಯದೆ ಹೋಗುವ ಅಪಾಯವಿರುವುದರಿಂದ ಜಿಲ್ಲೆಯೆಲ್ಲವೂ ಎಚ್ಚೆತ್ತಿತು. 2024ರಲ್ಲಿ ಅದೇ ರೋಗವು ಪುಣೆ ನಗರದಲ್ಲಿಯೇ ಕಾಣಿಸಿಕೊಂಡಿತು.

ಚಿಕುನ್‌ಗುನ್ಯಾ ಈ ನಾಡಿಗೆ ಹೊಸದಲ್ಲ. 1973ರಲ್ಲಿ ಸೊಲ್ಲಾಪುರ ಜಿಲ್ಲೆಯ ಬಾರ್ಶಿಯನ್ನು ಅದು ಕಾಡಿತು. ಅನಂತರ ಮೂರು ದಶಕಗಳ ಕಾಲ ಮರೆಯಾಗಿದ್ದು 2005-06ರಲ್ಲಿ ಮತ್ತೆ ಬಂದು ನಮ್ಮ ಕರ್ನಾಟಕವನ್ನೂ ಹಾಸಿಗೆ ಹಿಡಿಸಿತು. ಜ್ವರವು ಕೆಲವೇ ದಿನಗಳಲ್ಲಿ ಇಳಿದರೂ ಕೀಲುನೋವು ತಿಂಗಳುಗಟ್ಟಲೆ ಬಿಡುವುದಿಲ್ಲ. ತಟ್ಟೆ ಎತ್ತುವ ಕೈಯೂ, ದೋಸೆ ತಿರುವುವ ಮಣಿಕಟ್ಟೂ, ಲೇಖನಿ ಹಿಡಿಯುವ ಬೆರಳೂ ಕೆಲಸಕ್ಕೆ ಬಾರದಂತಾದರೆ ದಿನದ ದುಡಿಮೆಯನ್ನೇ ನಂಬಿದವನ ಗತಿ ಏನು? ಊರಿಗೆ ಹೋಗುವ ಮನಿಆರ್ಡರಿನ ಗತಿ ಏನು? ಆದುದರಿಂದ ಸೊಳ್ಳೆಯನ್ನು ಬಿಟ್ಟುಬಿಡಿರೆಂದು ಯಾರೂ ಹೇಳಲಾರರು. ಪ್ರಶ್ನೆಯಿರುವುದು ಆಯುಧದ ವಿಷಯದಲ್ಲಿ.

ಹೊಗೆ ತಲುಪದ ಶತ್ರು

ಈ ಮೂರು ರೋಗಗಳನ್ನೂ ಹರಡುವ ಸೊಳ್ಳೆ ಒಂದೇ. ಅದರ ಹೆಸರು ಏಡಿಸ್. ಕರಿಯ ಮೈ ಕಾಲುಗಳ ಮೇಲೆ ಬಿಳಿಯ ಪಟ್ಟೆಗಳುಳ್ಳ ಇದು ಕೊಳಚೆಯ ಪ್ರಾಣಿಯಲ್ಲ, ಮನೆಯ ಪ್ರಾಣಿ. ತಿಳಿನೀರಿನಲ್ಲಿಯೇ ಇದರ ಸಂತಾನ. ಪೀಪಾಯಿ, ಹಂಡೆ, ಸಿಮೆಂಟಿನ ತೊಟ್ಟಿ, ಒಡೆದ ಮಡಕೆ, ಹಳೆಯ ಟೈರು, ಎಳನೀರಿನ ಬುರುಡೆ, ಹೂಕುಂಡದ ಕೆಳಗಿನ ತಟ್ಟೆ, ಇವೇ ಇದರ ಬಾಣಂತಿಕೋಣೆಗಳು. ಪುರಂದರ ತಾಲ್ಲೂಕು ಮಳೆ ಕಡಿಮೆಯ ಸೀಮೆ. ನೀರು ಬಂದ ದಿನ ತುಂಬಿಟ್ಟುಕೊಳ್ಳದಿದ್ದರೆ ಬರದ ದಿನ ಗತಿಯಿಲ್ಲ. ಹೀಗೆ ಬಡವನು ಜೋಪಾನ ಮಾಡಿದ ನೀರೇ ಸೊಳ್ಳೆಗೆ ತೊಟ್ಟಿಲಾಗುತ್ತದೆ.

ಏಡಿಸ್ ಕಚ್ಚುವುದು ಹಗಲಿನಲ್ಲಿ, ವಿಶೇಷವಾಗಿ ಬೆಳಗ್ಗೆ ಮತ್ತು ಸಂಜೆಯ ಮುಂಚೆ. ಉಳಿದ ಹೊತ್ತು ಮಂಚದ ಕೆಳಗೆ, ಗೂಟಕ್ಕೆ ತೂಗಿದ ಬಟ್ಟೆಯ ಹಿಂದೆ, ಕಪಾಟಿನ ಮೂಲೆಯಲ್ಲಿ ಅಡಗಿರುತ್ತದೆ. ಹೊಗೆಯ ಯಂತ್ರವೋ ಬೀದಿಯಲ್ಲಿ ಸಂಚರಿಸುತ್ತದೆ. ಮೂಗು ಮುಚ್ಚಿಕೊಂಡ ಗೃಹಸ್ಥನು ಬಾಗಿಲು ಕಿಟಕಿಗಳನ್ನು ಭದ್ರಪಡಿಸುತ್ತಾನೆ. ಔಷಧವು ಹೊರಗೆ, ಸೊಳ್ಳೆಯು ಒಳಗೆ!

ಡೀಸೆಲಿನಲ್ಲಿ ಬೆರೆಸಿದ ಮ್ಯಾಲಥಿಯಾನ್ ಅಥವಾ ಪೈರೆಥ್ರಮ್ ವರ್ಗದ ಔಷಧಗಳನ್ನು ಹೊಗೆಯ ರೂಪದಲ್ಲಿ ಬಿಡುತ್ತಾರೆ. ಅದರ ಸಣ್ಣ ಹನಿಗಳು ಹಾರುತ್ತಿರುವ ಸೊಳ್ಳೆಗೆ ತಾಗಿದರೆ ಮಾತ್ರ ಅದು ಸಾಯುತ್ತದೆ. ನೀರಿನಲ್ಲಿರುವ ಮರಿಹುಳಕ್ಕೂ, ಪೀಪಾಯಿಯ ಗೋಡೆಗೆ ಅಂಟಿರುವ ಮೊಟ್ಟೆಗೂ ಹೊಗೆಯ ಬಾಧೆಯಿಲ್ಲ. ಆ ಮೊಟ್ಟೆಯು ನೀರು ಒಣಗಿದರೂ ತಿಂಗಳುಗಟ್ಟಲೆ ಜೀವ ಹಿಡಿದಿದ್ದು, ಮತ್ತೆ ನೀರು ಸೋಕಿದೊಡನೆ ಒಡೆಯುತ್ತದೆ. ಬೆಚ್ಚನೆಯ ದಿನಗಳಲ್ಲಿ ಮೊಟ್ಟೆಯಿಂದ ರೆಕ್ಕೆಯ ಸೊಳ್ಳೆಯಾಗಲು ಏಳರಿಂದ ಹತ್ತು ದಿನ ಸಾಕು. ಎಂದರೆ ಇಂದಿನ ಹೊಗೆಯ ಫಲವನ್ನು ನಾಳೆ ನಾಡಿದ್ದು ಹುಟ್ಟುವ ಸೊಳ್ಳೆಗಳೇ ಅಳಿಸಿಹಾಕುತ್ತವೆ.

ಆಯುಧಕ್ಕೆ ಭೇದವರಿಯದು

ಸೊಳ್ಳೆಯನ್ನು ಕೊಲ್ಲುವ ಔಷಧವು ಸೊಳ್ಳೆಯನ್ನು ಮಾತ್ರ ಕೊಲ್ಲುವುದೆಂದು ಯಾರಾದರೂ ತಿಳಿದಿದ್ದರೆ ಅದು ಭ್ರಮೆ. ಈ ಔಷಧಗಳು ಕೀಟಗಳ ನರಗಳನ್ನು ಕೆಡಿಸುತ್ತವೆ. ಜೇನಿಗೂ ನರವಿದೆ, ಚಿಟ್ಟೆಗೂ ಇದೆ, ಮಿಂಚುಹುಳಕ್ಕೂ ಇದೆ. ಪೈರೆಥ್ರಮ್ ವರ್ಗದವು ಹಕ್ಕಿಗಳಿಗೆ ನೇರವಾಗಿ ಹೆಚ್ಚು ವಿಷವಲ್ಲವಾದರೂ ಮೀನುಗಳಿಗೆ ಘೋರವಾದವು.

ನಮ್ಮವರಲ್ಲಿ ಕೋಲಾರ, ರಾಮನಗರ ಸೀಮೆಯವರಿದ್ದರೆ ಅವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ರೇಷ್ಮೆಹುಳ ಸಾಕುವ ಮನೆಯೊಳಗೆ ಕೀಟನಾಶಕವನ್ನು ಹೊಡೆಯಲು ಯಾವ ರೈತನೂ ಒಪ್ಪಲಾರನು. ಸೊಳ್ಳೆಯ ಜೊತೆಗೆ ತನ್ನ ವರ್ಷದ ಅನ್ನವೂ ಸತ್ತುಬೀಳುವುದೆಂದು ಆತನು ಬಲ್ಲನು. ಬಯಲಿನ ಕೀಟಗಳಿಗೆ ಹಾಗೆ ಬೇಡವೆನ್ನಲು ಒಡೆಯರಿಲ್ಲ, ಅಷ್ಟೇ ವ್ಯತ್ಯಾಸ.

ಜೇಜುರಿಯ ಸುತ್ತಣ ಭೂಮಿ ಸೀತಾಫಲ, ಅಂಜೂರ, ದಾಳಿಂಬೆಗಳಿಗೆ ಪ್ರಸಿದ್ಧವಾದುದು. ನಮ್ಮ ಹೋಟೆಲುಗಳಲ್ಲಿ ಗಿರಾಕಿಯ ಮುಂದೆ ಇಡುವ ಸೀತಾಫಲದ ಬಾಸುಂದಿಗೆ ಹಣ್ಣು ಬರುವ ಸೀಮೆಗಳಲ್ಲಿ ಇದೂ ಒಂದು. ಆ ಹಣ್ಣು ಕಟ್ಟುವುದು ಯಾರ ಕೃಪೆಯಿಂದ? ಸೀತಾಫಲದ ಹೂವು ಮೊದಲು ಹೆಣ್ಣಾಗಿ ಅರಳಿ ಅನಂತರ ಗಂಡಾಗುತ್ತದೆ. ಒಂದು ಹೂವಿನ ಪರಾಗವನ್ನು ಮತ್ತೊಂದಕ್ಕೆ ಒಯ್ಯುವುದು ಎಳ್ಳಿಗಿಂತ ಹೆಚ್ಚು ದೊಡ್ಡದಲ್ಲದ ಒಂದು ಜೀರುಂಡೆ. ಆ ಹುಳು ಬಾರದಿದ್ದಲ್ಲಿ ರೈತನು ಕುಂಚ ಹಿಡಿದು ಹೂವಿನಿಂದ ಹೂವಿಗೆ ತಾನೇ ಪರಾಗವನ್ನು ಹಚ್ಚಬೇಕಾಗುತ್ತದೆ. ಹೊಲಗಳಲ್ಲಿ ಹೊಡೆಯುವ ಔಷಧದ ಪ್ರಮಾಣವು ಊರಿನ ಹೊಗೆಗಿಂತ ಬಹಳ ಹೆಚ್ಚೆಂಬುದು ನಿಜ. ಆದರೂ ತೋಟವು ಮನೆಯ ಗೋಡೆಗೇ ಅಂಟಿಕೊಂಡಿರುವ ಹಳ್ಳಿಯಲ್ಲಿ ಹೊಗೆಯು ಗಡಿಕಲ್ಲನ್ನು ನೋಡಿ ನಿಲ್ಲುವುದಿಲ್ಲ.

ಜೀಕಾದ ಭಯದಲ್ಲಿಯೇ ಅಮೆರಿಕದಲ್ಲಿ ನಡೆದ ಒಂದು ಸಂಗತಿ ಇಲ್ಲಿ ಸ್ಮರಣೀಯವಾಗಿದೆ. 2016ರ ಆಗಸ್ಟ್ 28ರಂದು ದಕ್ಷಿಣ ಕ್ಯಾರೊಲಿನ ರಾಜ್ಯದ ಡಾರ್ಚೆಸ್ಟರ್ ಕೌಂಟಿಯಲ್ಲಿ ವಿಮಾನದಿಂದ ನ್ಯಾಲೆಡ್ ಎಂಬ ಔಷಧವನ್ನು ಚಿಮುಕಿಸಿದರು. ಹೊತ್ತು ಬೆಳಗಿನದು, ಜೇನುಗಳು ಮೇವಿಗೆ ಹೊರಡುವ ವೇಳೆ. ಒಂದೇ ಜೇನುಸಾಕಣೆಯ ತಾಣದಲ್ಲಿ 46 ಪೆಟ್ಟಿಗೆಗಳ ಜೇನೆಲ್ಲವೂ ಸತ್ತು ರಾಶಿಯಾಯಿತು. ಸತ್ತ ಹುಳಗಳ ಎಣಿಕೆ ಲಕ್ಷಗಳಲ್ಲಿತ್ತು. ಔಷಧವು ಅದೇ ಆಗಿದ್ದರೂ ಜೇನು ಗೂಡು ಸೇರಿದ ಹೊತ್ತನ್ನು ಆರಿಸಿದ್ದರೆ, ಸಾಕುವವನಿಗೆ ಮುಂಚಿತವಾಗಿ ತಿಳಿಸಿದ್ದರೆ ಇಷ್ಟು ನಷ್ಟವಾಗುತ್ತಿರಲಿಲ್ಲ.

ಹಕ್ಕಿಗಳಿಗೆ ಆಗುವ ಕೇಡು ಇಷ್ಟು ಬೇಗ ಕಣ್ಣಿಗೆ ಕಾಣುವಂತಹುದಲ್ಲ. ಹೋಟೆಲಿನ ಹಿತ್ತಿಲಲ್ಲಿ ಅನ್ನದ ಅಗುಳನ್ನು ಹೆಕ್ಕುವ ಗುಬ್ಬಚ್ಚಿಯನ್ನು ನಾವು ಧಾನ್ಯಭಕ್ಷಕವೆಂದು ತಿಳಿದಿದ್ದೇವೆ. ಆದರೆ ಅದು ತನ್ನ ಮರಿಗೆ ಮೊದಲ ದಿನಗಳಲ್ಲಿ ಅಗುಳನ್ನು ಕೊಡುವುದಿಲ್ಲ, ಮೆತ್ತನೆಯ ಹುಳುವನ್ನು ತಂದು ಕೊಡುತ್ತದೆ. ಹುಳುವಿಲ್ಲದ ಬೀದಿಯಲ್ಲಿ ದೊಡ್ಡ ಗುಬ್ಬಚ್ಚಿ ಬದುಕೀತು, ಮರಿ ಬದುಕದು. ತಂತಿಯ ಮೇಲೆ ಕುಳಿತು ಎರಗುವ ಕಾಜಾಣವೂ ಕಳ್ಳಿಪೀರವೂ, ಹಳೆಯ ದೇಗುಲಗಳ ಕಮಾನುಗಳಲ್ಲಿ ಗೂಡು ಕಟ್ಟಿ ಸಂಜೆಯಲ್ಲಿ ಕೂಗುತ್ತಾ ಸುತ್ತುವ ಬಾನಾಡಿಗಳೂ ಜೀವಿಸುವುದು ಹಾರುವ ಕೀಟಗಳಿಂದಲೇ. ಹೊಗೆಯು ಹಕ್ಕಿಯ ಕುತ್ತಿಗೆಯನ್ನು ಹಿಸುಕುವುದಿಲ್ಲ, ಅದರ ಉಗ್ರಾಣಕ್ಕೆ ಬೀಗ ಹಾಕುತ್ತದೆ.

ಇನ್ನೊಂದು ವಿಪರೀತವನ್ನು ನೋಡಿರಿ. ಮಕ್ಕಳು ಏರೋಪ್ಲೇನ್ ಚಿಟ್ಟೆಯೆಂದು ಕರೆಯುವ ಕೀಟವು ಕೆರೆಯಲ್ಲಿ ಮರಿಯಾಗಿರುವಾಗ ಸೊಳ್ಳೆಯ ಮರಿಗಳನ್ನೂ, ರೆಕ್ಕೆ ಬಂದ ಮೇಲೆ ಸೊಳ್ಳೆಗಳನ್ನೂ ತಿನ್ನುತ್ತದೆ. ಅದರ ಒಂದು ತಲೆಮಾರಿಗೆ ತಿಂಗಳುಗಳು ಬೇಕು, ಸೊಳ್ಳೆಗೆ ಹತ್ತು ದಿನ. ಇಬ್ಬರನ್ನೂ ಒಟ್ಟಿಗೆ ಕೊಂದರೆ ಮೊದಲು ಮರಳಿ ಬರುವವರು ಯಾರೆಂದು ಲೆಕ್ಕ ಬಲ್ಲ ಕಾರಕೂನ ಬಂಧುಗಳೇ ಹೇಳಲಿ.

ಹಿಂದಿನ ಪಾಠ

ಈ ಕಥೆಗೆ ಕನ್ನಡನಾಡಿನಲ್ಲಿಯೇ ಒಂದು ಪೂರ್ವಾರ್ಧವಿದೆ. ಡಿ.ಡಿ.ಟಿ. ಕೀಟವನ್ನು ಕೊಲ್ಲಬಲ್ಲುದೆಂದು 1939ರಲ್ಲಿ ಕಂಡುಹಿಡಿದ ಸ್ವಿಸ್ ವಿಜ್ಞಾನಿ ಪೌಲ್ ಮ್ಯೂಲರರಿಗೆ 1948ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಅದಕ್ಕೂ ಮುಂಚೆ, 1946ರಲ್ಲಿಯೇ, ಮುಂಬಯಿ ಪ್ರಾಂತ್ಯದ ಡಾ. ಡಿ. ಕೆ. ವಿಶ್ವನಾಥನ್ನರ ನೇತೃತ್ವದಲ್ಲಿ ಉತ್ತರ ಕನ್ನಡ ಮತ್ತು ಧಾರವಾಡ ಜಿಲ್ಲೆಗಳ ಹಳ್ಳಿಗಳಲ್ಲಿ ಮನೆಯ ಗೋಡೆಗಳಿಗೆ ಡಿ.ಡಿ.ಟಿ. ಹೊಡೆಯುವ ಕಾರ್ಯ ಆರಂಭವಾಯಿತು. ಚಳಿಜ್ವರದಿಂದ ನಲುಗಿದ್ದ ಊರುಗಳು ಚೇತರಿಸಿಕೊಂಡವು. 1953ರಲ್ಲಿ ಅದು ದೇಶವ್ಯಾಪಿಯಾದ ಯೋಜನೆಯಾಯಿತು. ಸ್ವಾತಂತ್ರ್ಯದ ಕಾಲಕ್ಕೆ ವರ್ಷಕ್ಕೆ ಏಳೂವರೆ ಕೋಟಿ ಜನರನ್ನು ಹಿಡಿದು ಎಂಟು ಲಕ್ಷ ಜನರನ್ನು ಬಲಿ ತೆಗೆದುಕೊಳ್ಳುತ್ತಿದ್ದ ಮಲೇರಿಯಾ 1965ರ ಹೊತ್ತಿಗೆ ಸುಮಾರು ಒಂದು ಲಕ್ಷ ಪ್ರಕರಣಗಳಿಗೆ ಇಳಿಯಿತು. ಈ ಉಪಕಾರವನ್ನು ಮರೆಯುವುದು ಕೃತಘ್ನತೆಯಾದೀತು.

ಆದರೆ ಸೊಳ್ಳೆಯು ಕಲಿಯದ ಪ್ರಾಣಿಯಲ್ಲ. ಔಷಧಕ್ಕೆ ಜಗ್ಗದ ಸೊಳ್ಳೆಗಳ ಸಂತತಿ ಬೆಳೆಯಿತು, ಕಾರ್ಯದಲ್ಲಿ ಶೈಥಿಲ್ಯವೂ ಸೇರಿತು. 1976ರಲ್ಲಿ ಪ್ರಕರಣಗಳು 64 ಲಕ್ಷಕ್ಕೆ ಏರಿದವು. ಅತ್ತ ಡಿ.ಡಿ.ಟಿ. ಕೀಟದಿಂದ ಮೀನಿಗೂ, ಮೀನಿನಿಂದ ಹದ್ದಿಗೂ ಏರುತ್ತಾ, ಮೇಲೆ ಹೋದಷ್ಟೂ ಸಾಂದ್ರವಾಗಿ, ಬೇಟೆಯ ಹಕ್ಕಿಗಳ ಮೊಟ್ಟೆಯ ಚಿಪ್ಪನ್ನೇ ತೆಳುವಾಗಿಸಿತು. ಕಾವಿಗೆ ಕುಳಿತ ತಾಯಿಯ ಭಾರಕ್ಕೇ ಮೊಟ್ಟೆ ಒಡೆಯುತ್ತಿತ್ತು. 1962ರಲ್ಲಿ ಅಮೆರಿಕದ ರೇಚಲ್ ಕಾರ್ಸನ್ ತಮ್ಮ ‘ಸೈಲೆಂಟ್ ಸ್ಪ್ರಿಂಗ್’ ಗ್ರಂಥದಲ್ಲಿ ಕೀಟನಾಶಕಗಳ ಕೇಡನ್ನು ಜಗತ್ತಿನ ಮುಂದಿಟ್ಟರು. ಆ ದೇಶವು 1972ರಲ್ಲಿ ಡಿ.ಡಿ.ಟಿ.ಯನ್ನು ನಿಷೇಧಿಸಿತು. ಭಾರತವು 1989ರಲ್ಲಿ ಬೇಸಾಯದಿಂದ ಅದನ್ನು ಹೊರಗಿಟ್ಟಿತು. ಔಷಧವು ಅವಸರದ ಮಿತ್ರನೇ ಹೊರತು ಅನುದಿನದ ಆಳಲ್ಲವೆಂಬುದೇ ಈ ಪಾಠ.

ಬೆಂಗಳೂರಿನ ತೊಟ್ಟಿ

ಹಾಗಾದರೆ ಮಾಡತಕ್ಕದ್ದೇನು? ಉತ್ತರವು ಬೆಂಗಳೂರಿನ ಒಂದು ನೀರಿನ ತೊಟ್ಟಿಯಲ್ಲಿದೆ. ಮಲೇರಿಯಾವನ್ನು ಸೊಳ್ಳೆಯೇ ಹರಡುವುದೆಂದು 1897ರಲ್ಲಿ ಸಿಕಂದರಾಬಾದಿನಲ್ಲಿ ತೋರಿಸಿದ ರೊನಾಲ್ಡ್ ರಾಸ್, ಅದಕ್ಕೂ ಎಷ್ಟೋ ಮುಂಚೆ, 1883ರ ಸುಮಾರಿಗೆ ಬೆಂಗಳೂರಿನ ದಂಡಿನಲ್ಲಿ ವೈದ್ಯರಾಗಿದ್ದರು. ತಮ್ಮ ಬಂಗಲೆಯಲ್ಲಿ ಸೊಳ್ಳೆಯ ಕಾಟ ವಿಪರೀತವಾಗಿರಲು ಹುಡುಕಿ ನೋಡಿದರು. ಕಿಟಕಿಯ ಹೊರಗಿನ ತೊಟ್ಟಿಯ ನೀರಿನಲ್ಲಿ ಮರಿಗಳು ಮಿಜಿಮಿಜಿಗುಟ್ಟುತ್ತಿದ್ದವು. ತೊಟ್ಟಿಯನ್ನು ಬೋರಲು ಹಾಕಿಸಿದರು. ಕಾಟ ಬಹುಮಟ್ಟಿಗೆ ತಗ್ಗಿತು. ಹೊಗೆಯಿಲ್ಲ, ವಿಷವಿಲ್ಲ, ಕಾಸಿನ ಖರ್ಚಿಲ್ಲ. ಏಡಿಸ್ ಸೊಳ್ಳೆಯು ಹುಟ್ಟಿದ ಸ್ಥಳದಿಂದ ಸಾಮಾನ್ಯವಾಗಿ ಕೆಲವು ನೂರು ಮೀಟರುಗಳಿಗಿಂತ ಆಚೆಗೆ ಹಾರುವುದಿಲ್ಲ. ಎಂದರೆ ನಿಮ್ಮನ್ನು ಕಚ್ಚಿದ ಸೊಳ್ಳೆ ನಿಮ್ಮ ಹಿತ್ತಿಲಿನದು, ಇಲ್ಲವೆ ನೆರೆಯವರ ಹಿತ್ತಿಲಿನದು.

ಕೋಲಾರ ಜಿಲ್ಲೆಯ ಕಾಮಸಮುದ್ರ ಆರೋಗ್ಯ ಕೇಂದ್ರದ ವ್ಯಾಪ್ತಿಯಲ್ಲಿ 1990ರ ದಶಕದಲ್ಲಿ ಮಲೇರಿಯಾ ಸಂಶೋಧಕರು ಬಾವಿ ಕುಂಟೆಗಳಿಗೆ ಸೊಳ್ಳೆಮರಿ ತಿನ್ನುವ ಗಪ್ಪಿ ಮೀನುಗಳನ್ನು ಬಿಡಿಸಿದರು. ಜ್ವರ ಇಳಿಯಿತು. 2001ರಲ್ಲಿ ಕರ್ನಾಟಕದ ಹಳ್ಳಿಗಳಲ್ಲಿ ಕಲಾಜಾಥಾ ನಡೆಸಿ, ಹಾಡು ನಾಟಕಗಳ ಮೂಲಕ ಈ ವಿದ್ಯೆಯನ್ನು ಜನರಿಗೆ ಮುಟ್ಟಿಸಿದರು. ಆದರೆ ಗಪ್ಪಿಯು ಪರದೇಶದ ಮೀನು. ಮನೆಯ ತೊಟ್ಟಿಗೆ, ಮುಚ್ಚಿದ ಬಾವಿಗೆ ಸರಿ. ಕರ್‍ಹಾ ನದಿಗಾಗಲಿ, ಜೇಜುರಿಯ ಹಳೆಯ ಕೆರೆಗಳಿಗಾಗಲಿ ಅದನ್ನು ಬಿಡಬಾರದು. ಅಲ್ಲಿಯ ಸ್ವಂತ ಮೀನುಗಳ ಮೊಟ್ಟೆ ಮರಿಗಳನ್ನು ಅದು ತಿಂದುಹಾಕೀತು.

1976ರಲ್ಲಿ ಇಸ್ರೇಲಿನ ನೆಗೆವ್ ಮರುಭೂಮಿಯಲ್ಲಿ ದೊರೆತ, ಬಿ.ಟಿ.ಐ. ಎಂದು ಹೆಸರಾದ ಸೂಕ್ಷ್ಮಾಣುವಿದೆ. ನೀರಿಗೆ ಹಾಕಿದರೆ ಸೊಳ್ಳೆಯ ಮರಿಯನ್ನು ಕೊಲ್ಲುತ್ತದೆ. ಜೇನು, ಮೀನು, ಮನುಷ್ಯರಿಗೆ ಬಾಧೆಯಿಲ್ಲ. ಇದು ಉತ್ತಮವಾದ ಉಪಾಯವೇ ಸರಿ. ಆದರೂ ಫ್ರಾನ್ಸಿನ ಕಮಾರ್ಗ್ ಎಂಬ ಜೌಗು ಪ್ರದೇಶದಲ್ಲಿ ಇದನ್ನು ವಿಸ್ತಾರವಾಗಿ ಸಿಂಪಡಿಸಿದಾಗ ಸೊಳ್ಳೆಯ ದಾಯಾದಿಗಳಾದ ನಿರಪಾಯದ ನುಸಿಗಳೂ ಕಡಿಮೆಯಾದವು. ಅವುಗಳನ್ನು ನಂಬಿದ ಅಂಬರಗುಬ್ಬಿಯ ಜಾತಿಯ ಹಕ್ಕಿಗಳ ಗೂಡಿನಲ್ಲಿ ಸರಾಸರಿ 3.2 ಮರಿಗಳಿರಬೇಕಾದಲ್ಲಿ 2.3 ಮರಿಗಳು ಮಾತ್ರ ಬೆಳೆದವೆಂದು 2010ರಲ್ಲಿ ಪ್ರಕಟವಾದ ಅಧ್ಯಯನವು ತಿಳಿಸಿತು. ಆದುದರಿಂದ ಸೌಮ್ಯವಾದ ಔಷಧವನ್ನೂ ಪೀಪಾಯಿ, ತೊಟ್ಟಿ, ಕಟ್ಟಡದ ಗುಂಡಿಗಳಿಗೆ ಬಳಸಬೇಕೇ ಹೊರತು ಕೆರೆಗೆ ಸುರಿಯಬಾರದು.

ನಮ್ಮ ಕೈಯಲ್ಲಿರುವುದು

ಹೋಟೆಲು ಬಂಧುಗಳಿಗೆ ‘ಡ್ರೈ ಡೇ’ ಎಂದರೆ ಮದ್ಯ ಮಾರಾಟವಿಲ್ಲದ ದಿನ. ಆರೋಗ್ಯ ಇಲಾಖೆಯವರ ‘ಡ್ರೈ ಡೇ’ ಬೇರೆ. ವಾರಕ್ಕೊಂದು ದಿನ ನೀರಿನ ಪಾತ್ರೆಗಳನ್ನೆಲ್ಲ ಬರಿದುಮಾಡಿ ಒಣಗಿಸುವ ದಿನವದು. ನೀರನ್ನು ಚೆಲ್ಲಿದರೆ ಮಾತ್ರ ಸಾಲದು. ಮೊಟ್ಟೆಯು ಗೋಡೆಗೆ ಅಂಟಿರುವುದರಿಂದ ಪೀಪಾಯಿಯ ಒಳಮೈಯನ್ನು ತೆಂಗಿನ ನಾರಿನಿಂದ ಉಜ್ಜಿ ತೊಳೆಯಬೇಕು. ಬರಿದುಮಾಡಲಾರದ ತೊಟ್ಟಿಗೆ ಬಿಗಿಯಾದ ಮುಚ್ಚಳ ಅಥವಾ ದಟ್ಟವಾದ ಬಟ್ಟೆ ಕಟ್ಟಬೇಕು. ಎಳನೀರಿನ ಬುರುಡೆಯನ್ನು ಬೋರಲು ಹಾಕಬೇಕು. ಫ್ರಿಜ್ಜಿನ ಹಿಂದಿನ ತಟ್ಟೆ, ಏರ್‌ಕೂಲರು, ಗಲ್ಲಾಪೆಟ್ಟಿಗೆಯ ಬಳಿ ಶೋಭೆಗಿಟ್ಟ ಮನಿಪ್ಲಾಂಟಿನ ಬಾಟಲಿ, ಮಾಳಿಗೆಯ ಮೇಲಿನ ಹಳೆಯ ಟೈರು ಇವುಗಳನ್ನು ಮರೆಯಬಾರದು. ಸೀಮೆಎಣ್ಣೆಯನ್ನು ಕೆರೆ ಕಾಲುವೆಗೆ ಸುರಿಯುವ ಹಳೆಯ ಪದ್ಧತಿಯನ್ನು ಕೈಬಿಡಬೇಕು.

ಮಧ್ಯಾಹ್ನದ ಬಿಡುವಿನಲ್ಲಿ ಅಟ್ಟದ ಮೇಲೆ ಒರಗುವವರೂ, ರಾತ್ರಿಪಾಳಿ ಮುಗಿಸಿ ಹಗಲು ಮಲಗುವವರೂ ನಮ್ಮಲ್ಲಿ ಸಾವಿರಾರು ಮಂದಿಯಿದ್ದಾರೆ. ಏಡಿಸ್ ಸೊಳ್ಳೆಗೆ ಅವರೇ ಸುಲಭವಾದ ಗಿರಾಕಿಗಳು. ಸೊಳ್ಳೆಬತ್ತಿಯ ಹೊಗೆಯನ್ನು ಮುಚ್ಚಿದ ಕೋಣೆಯಲ್ಲಿ ಕುಡಿಯುವುದಕ್ಕಿಂತ ಹಗಲಿನಲ್ಲಿಯೂ ಸೊಳ್ಳೆಪರದೆ ಕಟ್ಟಿಕೊಳ್ಳುವುದು ಮೇಲು. ಮಾಲಿಕರು ಆಳಿಗೊಂದು ಪರದೆ ಕೊಡಿಸಿದರೆ ಆ ಖರ್ಚು ಒಬ್ಬನ ಒಂದು ಜ್ವರದ ನಷ್ಟಕ್ಕಿಂತ ಕಡಿಮೆಯೇ ಆದೀತು.

ರೋಗವು ಹಬ್ಬಿದಾಗ ಹೊಗೆಯನ್ನು ಬಿಡಲೇಬೇಕಾದೀತು. ಬೇಲಸರದಂತಹ ಸಂದರ್ಭದಲ್ಲಿ ಅದನ್ನು ಬೇಡವೆನ್ನುವುದು ವಿವೇಕವಲ್ಲ. ಆಗಲೂ ರೋಗಿಯ ಮನೆಯ ಸುತ್ತ, ಮನೆಯ ಒಳಗೆ, ತಿಳಿದವರ ಕೈಯಿಂದ ಅದು ನಡೆಯಲಿ. ಜೇನು ಮೇಯುವ ಹೊತ್ತನ್ನೂ ಕೆರೆಯ ದಂಡೆಯನ್ನೂ ಬಿಟ್ಟು ನಡೆಯಲಿ. ಊರಿನ ಎಲ್ಲ ಬೀದಿಗಳಲ್ಲಿಯೂ ಹೊಗೆಯನ್ನು ಹಾಯಿಸಿ, ಹಿತ್ತಿಲ ಪೀಪಾಯಿಯನ್ನು ಹಾಗೆಯೇ ಬಿಟ್ಟು ಹೋಗುವುದು ಕರ್ತವ್ಯ ಮಾಡಿದಂತೆ ಕಾಣುವುದೇ ವಿನಾ ಕರ್ತವ್ಯವಾಗಲಾರದು.

ಮುಂದಿನ ಸಲ ಜೇಜುರಿಯ ಗುಡ್ಡವನ್ನೇರಿದಾಗ ದೇವರ ದರ್ಶನವಾದ ಮೇಲೆ ಒಂದು ಗಳಿಗೆ ಆಕಾಶವನ್ನು ನೋಡಿರಿ. ಹಳದಿಯ ಧೂಳು ಇಳಿದ ಮೇಲೆ ಅಲ್ಲಿ ಸುತ್ತುವ ಹಕ್ಕಿಗಳು ಕಂಡರೆ, ಕೆಳಗೆ ಕೀಟಗಳಿನ್ನೂ ಬದುಕಿವೆಯೆಂದು ತಿಳಿಯಬಹುದು. ಪುಣೆಗೆ ಮರಳಿದ ರಾತ್ರಿ ನಿಮ್ಮ ಹೋಟೆಲಿನ ಹಿಂದಿನ ಪೀಪಾಯಿಯ ಮುಚ್ಚಳವನ್ನು ಒಮ್ಮೆ ಎತ್ತಿ ನೋಡಿರಿ. ಅಲ್ಲಿ ಮರಿಗಳು ಮಿಜಿಗುಟ್ಟುತ್ತಿದ್ದರೆ ಹೊಗೆಯ ಯಂತ್ರಕ್ಕಾಗಿ ಕಾಯಬೇಡಿರಿ. ಪೀಪಾಯಿಯನ್ನು ಬೋರಲು ಹಾಕಿ ಉಜ್ಜಿರಿ.